ಕಿವಿಗಿಟ್ಟು ಅಲ್ಲಾಡಿಸಿ

ತಿಪಟೂರು ಸೀಮೆಯಲ್ಲಿ ಕೊಬ್ಬರಿ ಆಗಿದೆಯೋ ಇಲ್ಲವೋ ಎಂಬುದನ್ನು ಕಣ್ಣು ಹೇಳುವುದಿಲ್ಲ, ಕಿವಿ ಹೇಳುತ್ತದೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿದ್ದಿದ್ದ ಕಾಯಿಗಳೆಲ್ಲ ನೋಟಕ್ಕೆ ಒಂದೇ ಥರ. ಮಾಸಿದ ಮಟ್ಟೆ, ಧೂಳು, ಜೇಡರ ಬಲೆ. ಮನೆಯ ಹಿರಿಯರು ಏಣಿ ಹತ್ತಿ ಒಂದೊಂದನ್ನೇ ಕೈಗೆತ್ತಿಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ನೀರು ಗುಳುಗುಳು ಎಂದರೆ ಮತ್ತೆ ಅಟ್ಟಕ್ಕೆ. ನೀರೆಲ್ಲ ಇಂಗಿ, ಉಂಡೆ ಚಿಪ್ಪಿನಿಂದ ಬಿಟ್ಟುಕೊಂಡು ಲೊಟಲೊಟ ಎಂದರೆ ಕೆಳಕ್ಕೆ. ಪೂರ್ತಿ ಒಣಗದ ಕಾಯಿಯನ್ನು ಅವಸರಕ್ಕೆ ಒಡೆದರೆ ಕೊಬ್ಬರಿಯೂ ಇಲ್ಲ, ಅಡುಗೆಗೆ ಹಸಿಕಾಯಿಯೂ ಇಲ್ಲ.

ಕೆಳಗಿಳಿದ ಕಾಯಿಗೆ ಆಮೇಲೆ ಕೈಗಳ ಕೆಲಸ. ಹಾರೆಗೆ ಚುಚ್ಚಿ ಮಟ್ಟೆ ಸುಲಿಯುವವರು ಒಂದು ಕಡೆ. ಚಿಪ್ಪು ಒಡೆದು ಉಂಡೆಗೆ ಪೆಟ್ಟಾಗದಂತೆ ಬಿಡಿಸುವವರು ಇನ್ನೊಂದು ಕಡೆ, ಅವರಲ್ಲಿ ಹೆಂಗಸರೇ ಹೆಚ್ಚು. ಬೆಳಗಿನಿಂದ ಸಂಜೆವರೆಗೆ ಎರಡೂ ಕೈಗೆ ಬಿಡುವಿಲ್ಲ, ಕಣ್ಣಿಗೂ ಇಲ್ಲ, ಏಕೆಂದರೆ ಕತ್ತಿ ಜಾರಿದರೆ ಬೆರಳು. ಬಿಡುವಿರುವುದು ಕಿವಿಗೆ ಮಾತ್ರ. ಪಕ್ಕದಲ್ಲಿ ಚೀಲದ ಮೇಲೆ ಇಟ್ಟ ಫೋನು ಹಾಡುತ್ತಿರುತ್ತದೆ; ಹಾಡು ಮುಗಿದರೆ ಯಾರದೋ ಭಾಷಣ, ಭಾಷಣ ಮುಗಿದರೆ ಜಾಹೀರಾತು.

ಈ ಕಿವಿಗಳಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸಲು ತಿಪಟೂರಿನದೋ ತುರುವೇಕೆರೆಯದೋ ಚಿಕ್ಕನಾಯಕನಹಳ್ಳಿಯದೋ ಒಬ್ಬ ಮೇಷ್ಟರು, ಒಬ್ಬ ಕಾಲೇಜು ಹುಡುಗಿ ಕೂತರೆ ಯಾವ ಪುಸ್ತಕ ಎತ್ತಿಕೊಳ್ಳಬೇಕು? ದುಡ್ಡು ಕೊಟ್ಟು ಹಕ್ಕು ಕೊಳ್ಳುವ ಶಕ್ತಿ ಇಂಥವರಿಗೆ ಇರುವುದಿಲ್ಲ. ಹಾಗಾಗಿ ಹಕ್ಕಿನ ಅವಧಿ ಮುಗಿದು ಎಲ್ಲರ ಸೊತ್ತಾದ ಪುಸ್ತಕಗಳೇ ಗತಿ. ಕೇಳುವವರೋ ಬದುಕಿಗೆ, ವ್ಯಾಪಾರಕ್ಕೆ, ಸಾಲದ ಲೆಕ್ಕಕ್ಕೆ ಒದಗುವಂಥದ್ದನ್ನೇ ಮೊದಲು ಕೇಳುತ್ತಾರೆ. 2005ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹ್ಯೂ ಮೆಗ್ವಾಯರ್ ಶುರುಮಾಡಿದ ಲಿಬ್ರಿವಾಕ್ಸ್‌ನಲ್ಲಿ ಸಾವಿರಾರು ಸ್ವಯಂಸೇವಕರು ಇಂಥ ಹಳೆಯ ಪುಸ್ತಕಗಳನ್ನು ಓದಿ ಉಚಿತವಾಗಿ ಹಂಚುತ್ತಾ ಬಂದಿದ್ದಾರೆ. ದುಡ್ಡು, ದುಡಿಮೆ, ಮನೋಬಲದ ಪುಸ್ತಕಗಳೂ ಅಲ್ಲಿ ಬೇಕಾದಷ್ಟಿವೆ. ಆ ಪಟ್ಟಿಯನ್ನು ಹಾಗೇ ಎತ್ತಿ ತಂದು ಕನ್ನಡದಲ್ಲಿ ಓದಿಬಿಟ್ಟರೆ ಆಯಿತಲ್ಲ ಎನ್ನಿಸುತ್ತದೆ. ಆಗುವುದಿಲ್ಲ. ಆ ಪಟ್ಟಿಯನ್ನೂ ಒಂದೊಂದಾಗಿ ಕಿವಿಗಿಟ್ಟು ಅಲ್ಲಾಡಿಸಿಯೇ ಕೆಳಗಿಳಿಸಬೇಕು.

ಮೊದಲು ಮಾತಿನಿಂದಲೇ ಶುರುಮಾಡಬಹುದು. ಇಂಗ್ಲಿಷಿನ 'ಸೆಲ್ಫ್ ಹೆಲ್ಪ್' ಎಂಬುದು ಕನ್ನಡಕ್ಕೆ 'ಸ್ವಸಹಾಯ' ಎಂದು ಬಂತು. ಆದರೆ ನೊಣವಿನಕೆರೆಯಲ್ಲೋ ಹುಳಿಯಾರಿನಲ್ಲೋ ಯಾರನ್ನಾದರೂ ಸ್ವಸಹಾಯ ಎಂದರೇನು ಎಂದು ಕೇಳಿ ನೋಡಿ. ಒಬ್ಬನೇ ಕೋಣೆಯಲ್ಲಿ ಕೂತು ತನ್ನನ್ನು ತಾನು ತಿದ್ದಿಕೊಳ್ಳುವುದು ಎಂದು ಯಾರೂ ಹೇಳುವುದಿಲ್ಲ. "ನಮ್ ಸಂಘ ಕಣಣ್ಣ, ವಾರ್ವಾರ ದುಡ್ ಕಟ್ತೀವಲ್ಲ, ಅದೇಯ" ಎನ್ನುತ್ತಾರೆ. 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಊರೂರಲ್ಲಿ ಹದಿನೈದು ಇಪ್ಪತ್ತು ಹೆಂಗಸರು ವಾರಕ್ಕೊಮ್ಮೆ ಒಂದೆಡೆ ಕೂತು ಉಳಿತಾಯ ಕಟ್ಟಿ, ತಮ್ಮೊಳಗೇ ಸಾಲ ಕೊಟ್ಟುಕೊಂಡು, ಪುಸ್ತಕದಲ್ಲಿ ಬರೆದು ರುಜು ಹಾಕುವುದಕ್ಕೆ ಈ ಹೆಸರು ನಿಂತುಬಿಟ್ಟಿದೆ. 'ಸ್ವ' ಎಂಬ ಒಂಟಿ ಪದ ಈ ಸೀಮೆಯಲ್ಲಿ ಬಹುವಚನವಾಗಿದೆ.

ಆ ಇಂಗ್ಲಿಷ್ ಪದವನ್ನು ಮನೆಮಾತು ಮಾಡಿದ ಪುಸ್ತಕದ ಹುಟ್ಟೂ ಹೀಗೇ ಗುಂಪಿನಲ್ಲಿ ಆದದ್ದು. ಸ್ಯಾಮ್ಯುಯೆಲ್ ಸ್ಮೈಲ್ಸ್ 1859ರಲ್ಲಿ ಪ್ರಕಟಿಸಿದ 'ಸೆಲ್ಫ್ ಹೆಲ್ಪ್' ಅಲ್ಲಿಗೆ ಹದಿನಾಲ್ಕು ವರ್ಷ ಮೊದಲೇ ಮಾತಾಗಿ ಹುಟ್ಟಿತ್ತು. ಲೀಡ್ಸ್ ನಗರದ ಕೆಲವು ದುಡಿಯುವ ಹುಡುಗರು ಸಂಜೆ ಹೊತ್ತು ಒಂದೆಡೆ ಸೇರಿ, ಗೊತ್ತಿದ್ದವನು ಗೊತ್ತಿಲ್ಲದವನಿಗೆ ಓದು ಬರಹ ಲೆಕ್ಕ ಹೇಳಿಕೊಡುತ್ತಿದ್ದರು. ನಮಗೊಂದಿಷ್ಟು ಮಾತಾಡಿ ಎಂದು ಅವರು ಕರೆದರು, ಸ್ಮೈಲ್ಸ್ 1845ರಲ್ಲಿ ಹೋಗಿ ಮಾತಾಡಿದರು. ಪುಸ್ತಕ ಮೊದಲ ವರ್ಷವೇ 20,000 ಪ್ರತಿ ಖರ್ಚಾಯಿತು. 1871ರಲ್ಲಿ ನಾಕಾಮುರಾ ಮಸನಾವೊ ಅದನ್ನು ಜಪಾನಿ ಭಾಷೆಗೆ ತಂದರು. ಆ ಕಾಲದ ಜಪಾನಿನಲ್ಲಿ ಅತಿ ಹೆಚ್ಚು ಓದಿಸಿಕೊಂಡ ಪುಸ್ತಕಗಳಲ್ಲಿ ಅದೂ ಒಂದು.

ಇಲ್ಲಿ ಒಂದು ಅಳತೆಗೋಲು ಸಿಕ್ಕಂತಾಯಿತು. ಬಾಯಲ್ಲಿ ಹುಟ್ಟಿ ಆಮೇಲೆ ಅಚ್ಚಿಗೆ ಹೋದ ಪುಸ್ತಕ ಮತ್ತೆ ಬಾಯಿಗೆ ಬರಲು ಹಿಂಜರಿಯುವುದಿಲ್ಲ. ಫಿಲಡೆಲ್ಫಿಯಾದ ಪಾದ್ರಿ ರಸೆಲ್ ಕಾನ್ವೆಲ್ ಅವರ 'ಏಕರ್ಸ್ ಆಫ್ ಡೈಮಂಡ್ಸ್' ಆರು ಸಾವಿರಕ್ಕೂ ಹೆಚ್ಚು ಸಲ ಮಾಡಿದ ಒಂದೇ ಭಾಷಣ. ವಜ್ರ ಹುಡುಕುತ್ತ ಹೊಲ ಮಾರಿ ದೇಶಾಂತರ ಹೋದವನ ಕಥೆ ಅದು. ವಜ್ರ ಇದ್ದದ್ದು ಮಾರಿದ ಹೊಲದಲ್ಲೇ. ತೋಟ ಮಾರಿ ಬೆಂಗಳೂರಿಗೆ ಹೊರಟು ನಿಂತವರ ಮನೆಗಳಿರುವ ಸೀಮೆಗೆ ಈ ಕಥೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ವಿವೇಕಾನಂದರ 'ಕರ್ಮಯೋಗ' 1895–96ರ ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿ ಹೇಳಿದ ಪಾಠಗಳು. ಇವೆಲ್ಲ ಲೊಟಲೊಟ ಎನ್ನುವ ಕಾಯಿಗಳು.

ಆದರೆ ಕಾಯಿ ಯಾರದು ಎಂಬುದನ್ನೂ ನೋಡಬೇಕಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ಲೆಕ್ಕ ಸರಳವಾಗಿದೆ. ಬರೆದವರು ತೀರಿಕೊಂಡ ಮರುವರ್ಷದ ಜನವರಿ 1ರಿಂದ ಎಣಿಸಿ 60 ವರ್ಷ. ಮೊದಲು 50 ವರ್ಷವಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟ್ಯಾಗೋರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವುದರಲ್ಲಿತ್ತು. ಆ ಹೊತ್ತಿಗೆ ಅವಧಿಯನ್ನು 60ಕ್ಕೆ ಏರಿಸಲಾಯಿತು. ಟ್ಯಾಗೋರರ ಜೊತೆಗೆ ಕನ್ನಡದವರೂ ಹತ್ತು ವರ್ಷ ಹೆಚ್ಚು ಅಟ್ಟದ ಮೇಲೆ ಕೂತರು. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀಕಂಠಯ್ಯನವರು ತೀರಿಕೊಂಡದ್ದು 1946ರ ಜನವರಿಯಲ್ಲಿ. ಅವರ ಬರಹ ಎಲ್ಲರದಾದದ್ದು 2007ರಲ್ಲಿ. ಸರ್ ಎಂ.ವಿಶ್ವೇಶ್ವರಯ್ಯ 1962ರಲ್ಲಿ ಹೋದರು, 2023ರಿಂದ ಅವರ ಪುಸ್ತಕಗಳು ಮುಕ್ತ. ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ ಫ.ಗು.ಹಳಕಟ್ಟಿಯವರೂ ಕನ್ನಡ ಕುಲಪುರೋಹಿತ ಆಲೂರು ವೆಂಕಟರಾಯರೂ 1964ರಲ್ಲಿ ಹೋದವರು. ಇಬ್ಬರದೂ 2025ರ ಜನವರಿ 1ಕ್ಕೆ ಒಟ್ಟಿಗೇ ಬಂತು.

ಇನ್ನೂ ನೀರಾಡುವ ಕಾಯಿಗಳೂ ಇವೆ. ಜನರ ಬಾಯಲ್ಲಿ ಆಗಲೇ ಎಲ್ಲರದೂ ಆಗಿಬಿಟ್ಟಿರುವುದರಿಂದ ಇವುಗಳಲ್ಲೇ ಹೆಚ್ಚು ತಪ್ಪು ಆಗುವುದು. ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ' ಅಂಥದ್ದು. ಅದು ಬಂದದ್ದು 1943ರಲ್ಲಿ, ಪುಸ್ತಕಕ್ಕೆ ಎಂಬತ್ತು ದಾಟಿತು, ಹಾಗಾಗಿ ಹಕ್ಕು ಮುಗಿದಿರಬೇಕು ಎಂದುಕೊಳ್ಳುವವರಿದ್ದಾರೆ. ಎಣಿಸಬೇಕಾದದ್ದು ಪುಸ್ತಕದ ವಯಸ್ಸನ್ನಲ್ಲ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಹಾಗಾಗಿ 2035ರ ಕೊನೆಯವರೆಗೆ ಕಾಯಬೇಕು. ಪಕ್ಕದ ಗುಬ್ಬಿಯ ವೀರಣ್ಣನವರ ಆತ್ಮಕಥೆ 'ಕಲೆಯೇ ಕಾಯಕ' ಇನ್ನೊಂದು. ಒಂದು ನಾಟಕ ಕಂಪನಿಯನ್ನು ಊರಿಂದೂರಿಗೆ ಹೊತ್ತುಕೊಂಡು ಹೋಗಿ, ನೂರಾರು ಜನಕ್ಕೆ ಅನ್ನ ಹಾಕಿ, ಸಾಲದಲ್ಲಿ ಮುಳುಗಿ ಮತ್ತೆ ಎದ್ದು ನಡೆಸಿದವರು ಹೇಳುವ ವ್ಯಾಪಾರದ ಪಾಠ ಯಾವ ಅಮೆರಿಕದ ಪುಸ್ತಕಕ್ಕೂ ಕಡಿಮೆಯದಲ್ಲ. ಆದರೆ ವೀರಣ್ಣನವರು ಹೋದದ್ದು 1972ರಲ್ಲಿ. 2033ಕ್ಕೆ ಮೊದಲು ಅದಕ್ಕೆ ಕೈ ಹಾಕುವಂತಿಲ್ಲ, ಹಾಕಬೇಕೆಂದರೆ ಹಕ್ಕುದಾರರನ್ನು ಕೇಳಿಯೇ ಹಾಕಬೇಕು.

ಹೊರದೇಶದ ಪುಸ್ತಕಗಳಲ್ಲಿ ಲೆಕ್ಕ ಇನ್ನೂ ಜಟಿಲ. ಡೇಲ್ ಕಾರ್ನೆಗಿ 1955ರ ನವೆಂಬರಿನಲ್ಲಿ ತೀರಿಕೊಂಡರು. ಜನರನ್ನು ಒಲಿಸಿಕೊಳ್ಳುವುದು ಹೇಗೆಂದು ಹೇಳುವ ಅವರ 1936ರ ಪುಸ್ತಕ ಭಾರತದಲ್ಲಿ 2016ರಿಂದ ಮುಕ್ತ. ಅಮೆರಿಕದಲ್ಲಿ ಪ್ರಕಟಣೆಯಿಂದ 95 ವರ್ಷ ಎಣಿಸುವುದರಿಂದ ಅಲ್ಲಿ 2031ರ ಕೊನೆಯವರೆಗೂ ಬೀಗ. ತಿಪಟೂರಿನಲ್ಲಿ ಓದಿ ಇಲ್ಲೇ ಹಂಚಿದರೆ ತೊಂದರೆಯಿಲ್ಲ. ಅಮೆರಿಕದ ಕಾನೂನನ್ನೇ ನೋಡುವ ಲಿಬ್ರಿವಾಕ್ಸ್ ಅದನ್ನು ತೆಗೆದುಕೊಳ್ಳುವುದಿಲ್ಲ. ಭಾರತದಲ್ಲಿ ಮುಕ್ತವಾದದ್ದೂ 1936ರ ಪಾಠ ಮಾತ್ರ. 1981ರಲ್ಲಿ ಬೇರೆಯವರು ತಿದ್ದಿ ಹೊರತಂದ ಆವೃತ್ತಿಯೂ ಇದೆ, ಆ ತಿದ್ದುಪಡಿಗಳ ಹಕ್ಕು ಬೇರೆ. ಇವೆಲ್ಲಕ್ಕಿಂತ ಹೆಚ್ಚು ಜನ ಎಡವುವುದು ಅನುವಾದದಲ್ಲಿ. ಮೂಲ ಇಂಗ್ಲಿಷ್ ಮುಕ್ತವಾದ ಮಾತ್ರಕ್ಕೆ ಅದರ ಕನ್ನಡ ಅನುವಾದ ಮುಕ್ತವಾಗುವುದಿಲ್ಲ. ಅನುವಾದಕರಿಗೂ ಅವರದೇ 60 ವರ್ಷವಿದೆ. ಇನ್ನೊಬ್ಬರು ಓದಿದ ಧ್ವನಿಮುದ್ರಿಕೆಗೆ ಪ್ರಕಟವಾದ ಮೇಲೆ ಮತ್ತೆ 60 ವರ್ಷ. ಬಸವಣ್ಣನವರ ವಚನ ಎಲ್ಲರದು. ಅದನ್ನು ಹಾಡಿದವರ ಕ್ಯಾಸೆಟ್ಟು ಎಲ್ಲರದಲ್ಲ.

ಕಣ್ಣು ಕಾಣದವರಿಗಾಗಿ ಓದುವವರಿಗೆ ಮಾತ್ರ ಕಾನೂನು ಬಾಗಿಲು ತೆರೆದಿಟ್ಟಿದೆ. 2012ರ ತಿದ್ದುಪಡಿಯ ಪ್ರಕಾರ ಅಂಗವಿಕಲರಿಗಾಗಿ ಲಾಭವಿಲ್ಲದೆ ಕೆಲಸ ಮಾಡುವ ಸಂಸ್ಥೆಗಳು ಹಕ್ಕಿರುವ ಪುಸ್ತಕವನ್ನೂ ಅವರಿಗೆ ಒದಗುವ ರೂಪಕ್ಕೆ ತರಬಹುದು. ಇದೇ ಉದ್ದೇಶದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅಂಗೀಕರಿಸಿದ ದೇಶ ಭಾರತ. ಡಿ.ವಿ.ಜಿ.ಯವರೂ ವೀರಣ್ಣನವರೂ ಆ ಕಿವಿಗಳಿಗೆ ಇವತ್ತೇ ತಲುಪಬಹುದು.

ಇನ್ನು ಪುಸ್ತಕಕ್ಕೆ ಬರೋಣ. ಕೊಬ್ಬರಿ ಸೀಮೆಯಲ್ಲಿ ಮೊಟ್ಟಮೊದಲು ಓದಬೇಕಾದ ಹೊರಗಿನ ಪುಸ್ತಕ ಯಾವುದೆಂದರೆ ಬೆಂಜಮಿನ್ ಫ್ರಾಂಕ್ಲಿನ್ ಬರೆದ 'ದಿ ವೇ ಟು ವೆಲ್ತ್'. ಪುಸ್ತಕ ಎನ್ನುವುದಕ್ಕಿಂತ ಅದೊಂದು ಪಂಚಾಂಗದ ಮುನ್ನುಡಿ. ಫ್ರಾಂಕ್ಲಿನ್ 'ಬಡ ರಿಚರ್ಡ್' ಎಂಬ ಹೆಸರಿನಲ್ಲಿ ಇಪ್ಪತ್ತೈದು ವರ್ಷ ಪಂಚಾಂಗ ಅಚ್ಚು ಹಾಕಿದರು. ಬಿಸಿಲು ಮಳೆ, ಗ್ರಹಣ, ಹಬ್ಬಹರಿದಿನಗಳ ನಡುವೆ ಉಳಿದ ಜಾಗದಲ್ಲಿ ಗಾದೆಗಳನ್ನು ತುಂಬುತ್ತಿದ್ದರು. 1757ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕೂತು, ಆವರೆಗಿನ ಗಾದೆಗಳಲ್ಲಿ ಹಲವನ್ನು ಒಬ್ಬ ಮುದುಕನ ಬಾಯಲ್ಲಿಟ್ಟು 1758ರ ಪಂಚಾಂಗಕ್ಕೆ ಮುನ್ನುಡಿ ಬರೆದರು.

ಅದರ ದೃಶ್ಯ ನಡೆಯುವುದು ಒಂದು ಹರಾಜಿನ ಕಟ್ಟೆಯಲ್ಲಿ. ಹರಾಜು ಇನ್ನೂ ಶುರುವಾಗಿಲ್ಲ, ಜನ ಸೇರಿದ್ದಾರೆ, ಕಾಲ ಕೆಟ್ಟಿತು, ತೆರಿಗೆ ಹೆಚ್ಚಾಯಿತು ಎಂದು ಮಾತಾಡಿಕೊಳ್ಳುತ್ತಿದ್ದಾರೆ. ಗುಂಪಿನಲ್ಲಿ ಅಬ್ರಹಾಂ ಎಂಬ ನರೆತ ತಲೆಯ ಹಿರಿಯ. "ಏನಜ್ಜ, ನೀವೇನಂತೀರಿ?" ಎಂದು ಯಾರೋ ಕೇಳುತ್ತಾರೆ. ಆತ ಎದ್ದು ನಿಂತು ಮಾತಾಡತೊಡಗುತ್ತಾನೆ. ಸರ್ಕಾರದ ತೆರಿಗೆ ಇರಲಿ, ನಮ್ಮ ಸೋಮಾರಿತನ ಹಾಕುವ ತೆರಿಗೆ ಎಷ್ಟು, ಒಣಜಂಬದ ತೆರಿಗೆ ಎಷ್ಟು, ಎಂದು ಎಣಿಸುತ್ತ ಹೋಗುತ್ತಾನೆ. ಆಮೇಲೆ ಸಾಲದ ಮಾತು. ಈ ಹರಾಜಿನಲ್ಲಿ ಆರು ತಿಂಗಳ ಉದ್ದರಿ ಕೊಡುತ್ತಾರೆಂದು ಬೇಡದ್ದನ್ನೂ ಕೊಳ್ಳಲು ಬಂದಿದ್ದೀರಿ. ಸಾಲ ಮಾಡಿದ ದಿನ ನಿಮ್ಮ ಸ್ವಾತಂತ್ರ್ಯದ ಮೇಲಿನ ಅಧಿಕಾರವನ್ನು ಇನ್ನೊಬ್ಬನ ಕೈಗೆ ಕೊಟ್ಟಿರಿ, ಎಂಬ ಅರ್ಥದಲ್ಲಿ ಎಚ್ಚರಿಸುತ್ತಾನೆ. ಜನ ಹೌದೌದು ಎಂದು ತಲೆದೂಗುತ್ತಾರೆ. ಅಷ್ಟರಲ್ಲಿ ಹರಾಜು ಶುರು, ಎಲ್ಲರೂ ನುಗ್ಗಿ ಕೊಳ್ಳತೊಡಗುತ್ತಾರೆ. ಗುಂಪಿನಲ್ಲಿ ಕೇಳಿಸಿಕೊಂಡ ರಿಚರ್ಡ್ ಒಬ್ಬ ಮಾತ್ರ, ಹೊಸ ಕೋಟಿಗೆ ಬಟ್ಟೆ ತರಲು ಬಂದವನು, ಹಳೆಯದೇ ಇನ್ನಷ್ಟು ದಿನ ನಡೆಯಲಿ ಎಂದು ಮನೆಗೆ ಹೋಗುತ್ತಾನೆ.

ಇದನ್ನು ತಿಪಟೂರು ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಕೇಳಿಸಿದರೆ ಜಾಗ, ಜನ, ಮಾತು ಯಾವುದನ್ನೂ ಬದಲಿಸಬೇಕಿಲ್ಲ. ಚೀಲ ಇಳಿಸಿ, ಇವತ್ತಿನ ರೇಟು ಎಷ್ಟಕ್ಕೆ ನಿಲ್ಲುತ್ತದೋ ಎಂದು ಕಾಯುವ ಹೊತ್ತು ಇಲ್ಲೂ ಇದೆ. ಮಂಡಿಯಿಂದ ಮುಂಗಡ ತಂದು ಮಗಳ ಮದುವೆಯೋ ಬೋರೋ ಮಾಡಿಸಿ, ಕೊಬ್ಬರಿ ಅಟ್ಟದಲ್ಲಿರುವಾಗಲೇ ಅದರ ದುಡ್ಡು ಖರ್ಚಾಗಿರುವ ಮನೆಗಳು ಇಲ್ಲೂ ಇವೆ. ಓದಿದರೆ ಇಡೀ ಮುನ್ನುಡಿ ಅರ್ಧ ಗಂಟೆ ದಾಟುವುದಿಲ್ಲ. ಪ್ರತಿ ಮಾತೂ ಗಾದೆಯ ಜಾಡಿನಲ್ಲಿರುವುದರಿಂದ, ಚಿಪ್ಪು ಒಡೆಯುವ ಸದ್ದಿನಲ್ಲಿ ಒಂದೆರಡು ಸಾಲು ತಪ್ಪಿಹೋದರೂ ಮುಂದಿನದು ಅರ್ಥವಾಗುತ್ತದೆ. ಕಿವಿಯ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಗುಣ ಬೇಕಿಲ್ಲ.

ಆರ್ನಾಲ್ಡ್ ಬೆನೆಟ್ 1908ರಲ್ಲಿ ಬರೆದ 'ದಿನದ 24 ಗಂಟೆಯಲ್ಲಿ ಬದುಕುವುದು ಹೇಗೆ' ಎಂಬರ್ಥದ ಪುಟ್ಟ ಪುಸ್ತಕವೂ ಆಗುತ್ತದೆ. ಅದರ ಕೇಳುಗ ಲಂಡನ್ನಿನ ಕಚೇರಿಗೆ ದಿನಾ ರೈಲಿನಲ್ಲಿ ಹೋಗಿಬರುವ ಗುಮಾಸ್ತ. ತಿಪಟೂರು ನಿಲ್ದಾಣದಲ್ಲಿ ಬೆಳಗ್ಗೆ ತುಮಕೂರು, ಬೆಂಗಳೂರಿನ ಕಡೆಗೆ ರೈಲು ಹತ್ತುವವರಿಗೆ ಅದು ನೇರ ತಲುಪುತ್ತದೆ. ಜೇಮ್ಸ್ ಆಲನ್‌ನ 1903ರ 'ಆ್ಯಸ್ ಎ ಮ್ಯಾನ್ ಥಿಂಕೆತ್' ಸುಮಾರು ಒಂದು ಗಂಟೆಯ ಓದು, ಅದನ್ನೂ ಇಟ್ಟುಕೊಳ್ಳಬಹುದು.

ವ್ಯಾಲೇಸ್ ವಾಟಲ್ಸ್‌ನ 1910ರ 'ದಿ ಸೈನ್ಸ್ ಆಫ್ ಗೆಟಿಂಗ್ ರಿಚ್' ಬೇಡ. ಹಕ್ಕಿನ ತೊಡಕು ಇಲ್ಲ, ಲೇಖಕ 1911ರಲ್ಲೇ ಹೋದ. ಇಂಥ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಮೊದಲ ಸಾಲಿನಲ್ಲೇ ಇರುತ್ತದೆ. ಆದರೆ ಒಂದು ನಿರ್ದಿಷ್ಟ ರೀತಿಯಲ್ಲಿ ಯೋಚಿಸಿದವನಿಗೆ ಸಿರಿ ಬಂದೇ ಬರುತ್ತದೆ, ಅದು ಲೆಕ್ಕದಷ್ಟೇ ಖಚಿತ ಎಂಬುದು ಅದರ ಬುನಾದಿ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ ಕುಸಿದಿತ್ತು. ರೈತರು ಬೀದಿಗಿಳಿದಿದ್ದರು. ಎರಡು ವರ್ಷ ಕಳೆದು 2025ರಲ್ಲಿ ಅದೇ ಕೊಬ್ಬರಿ 25,000 ದಾಟಿತು. ಈ ಎರಡು ವರ್ಷದಲ್ಲಿ ಬೆಳೆಗಾರರ ಯೋಚನೆಯ ರೀತಿ ಬದಲಾಗಿರಲಿಲ್ಲ. ನುಸಿ ಪೀಡೆ, ಕಪ್ಪು ತಲೆ ಹುಳು, ಕಾಂಡ ಸೋರುವ ರೋಗ, ಬತ್ತಿದ ಬೋರು, ಉತ್ತರದ ಹಬ್ಬಗಳ ಬೇಡಿಕೆ, ಇವೆಲ್ಲ ಸೇರಿ ಬೆಲೆ ಕಟ್ಟುತ್ತವೆ. ಬೆಲೆ ಬಿದ್ದ ವರ್ಷ ಸಾಲಗಾರನ ಕಿವಿಗೆ 'ನಿನ್ನ ಯೋಚನೆಯೇ ಸರಿಯಿರಲಿಲ್ಲ' ಎಂದು ಹೇಳುವ ಪುಸ್ತಕವನ್ನು ಓದುವವರು ಓದದೆ ಬಿಡುವುದೇ ಸರಿ. ಯಾವುದನ್ನು ಓದುವುದಿಲ್ಲ ಎಂದು ತೀರ್ಮಾನಿಸುವುದೂ ಈ ಕೆಲಸದ ಒಂದು ಭಾಗ.

ವಿಶ್ವೇಶ್ವರಯ್ಯನವರದು ಬೇರೆ ಸಮಸ್ಯೆ. 'ಪ್ಲಾನ್ಡ್ ಎಕಾನಮಿ ಫಾರ್ ಇಂಡಿಯಾ' 1934ರ ದೊಡ್ಡ ಪುಸ್ತಕ, ಆದರೆ ಅಂಕಿಅಂಶಗಳ ಮೇಲೆ ನಿಂತದ್ದು. ಕೋಷ್ಟಕವನ್ನು ಕಿವಿಗೆ ಓದಲಾಗುವುದಿಲ್ಲ. ಅದಕ್ಕೆ ಬದಲು 1951ರ ಆತ್ಮವೃತ್ತಾಂತ 'ಮೆಮೊಯರ್ಸ್ ಆಫ್ ಮೈ ವರ್ಕಿಂಗ್ ಲೈಫ್' ಎತ್ತಿಕೊಳ್ಳಬೇಕು, ಅದರಲ್ಲೂ ಆರಿಸಿಕೊಂಡು. ಸಿಂಧ್‌ನ ಸಕ್ಕರ್ ಊರಿಗೆ ನದಿಯ ಕೆಸರು ನೀರನ್ನು ಸೋಸಿ ಕುಡಿಯಲು ಕೊಟ್ಟದ್ದು, ಪುಣೆಯ ಹತ್ತಿರ ಖಡಕ್‌ವಾಸ್ಲಾ ಕಟ್ಟೆಗೆ ತಾನಾಗಿ ತೆರೆದುಕೊಳ್ಳುವ ಬಾಗಿಲು ಹಾಕಿದ್ದು, 1908ರ ಮೂಸಿ ಪ್ರವಾಹದ ಮೇಲೆ ಹೈದರಾಬಾದಿಗೆ ಹೋದದ್ದು, ಕನ್ನಂಬಾಡಿ. ಇವು ನೀರಿನ ಕಥೆಗಳು. ನೂರಾರು ಅಡಿ ಕೊರೆಸಿ ಕಲ್ಲಿನ ಪುಡಿ ಮಾತ್ರ ಕಂಡವರು ಇವನ್ನು ಹಿಡಿದ ಕೆಲಸ ಬಿಟ್ಟು ಕೇಳುತ್ತಾರೆ. ಸ್ಮೈಲ್ಸ್ ಜಪಾನಿನ ಮನೆಮನೆಗೆ ಹೋಗಿದ್ದ ಕಾಲದಲ್ಲೇ, 1898ರಲ್ಲಿ, ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಅಲ್ಲಿನ ದುಡಿಮೆಯನ್ನು ಕಣ್ಣಾರೆ ಕಂಡು ಬಂದರು. 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಬ್ಯಾಂಕು, ವಿಶ್ವವಿದ್ಯಾನಿಲಯ, ಗಂಧದೆಣ್ಣೆಯ ಕಾರ್ಖಾನೆ, ಸಾಹಿತ್ಯ ಪರಿಷತ್ತು ಎಲ್ಲವೂ ಬೆನ್ನುಬೆನ್ನಿಗೆ ಎದ್ದದ್ದರ ಹಿಂದೆ ಆ ನೋಟವಿದೆ. ಅವರ ಇಂಗ್ಲಿಷು ವರದಿಯ ಇಂಗ್ಲಿಷು, ಬಿಗಿ, ಅಲಂಕಾರವಿಲ್ಲದ್ದು. ಅದನ್ನು ಹೊಸದಾಗಿ ಕನ್ನಡಕ್ಕೆ ತರುವವರು ಆ ಬಿಗಿಯನ್ನು ಉಳಿಸಿಕೊಂಡರೆ ಓದುವ ದನಿಗೆ ಒಂದು ಘನತೆ ತಾನಾಗಿ ಬರುತ್ತದೆ.

ಮನೆಯ ಅಟ್ಟವನ್ನೇ ಮರೆತು ಪಕ್ಕದೂರಿನ ಅಟ್ಟ ಹತ್ತುವುದು ಬೇಡ. ಅರಳಗುಪ್ಪೆಯ ಚೆನ್ನಕೇಶವ, ತುರುವೇಕೆರೆಯ ಮೂಲೆ ಶಂಕರೇಶ್ವರ ಗುಡಿಗಳು ಎದ್ದ ಹೊಯ್ಸಳರ ನಾಡಿನಲ್ಲೇ, ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯನೆಂಬ ಜೈನ ಕವಿ 'ವ್ಯವಹಾರಗಣಿತ' ಬರೆದ. ಹೆಸರೇ ಹೇಳುವಂತೆ ಅದು ಕೊಟ್ಟು ಕೊಳ್ಳುವವರ ಲೆಕ್ಕದ ಪುಸ್ತಕ, ಅದೂ ಕನ್ನಡದಲ್ಲಿ. ಅದಕ್ಕಿಂತ ನೂರು ವರ್ಷ ಹಿಂದೆ ಎರಡನೇ ಚಾವುಂಡರಾಯನ 'ಲೋಕೋಪಕಾರ' ಬಂದಿತ್ತು. ನೆಲದೊಳಗೆ ನೀರು ಎಲ್ಲಿದೆ ಎಂದು ಗುರುತು ಹಿಡಿಯುವುದು, ಗಿಡಮರಗಳ ಆರೈಕೆ, ಅಡುಗೆ, ಸುಗಂಧ, ದನಕರುಗಳ ಮದ್ದು ಎಲ್ಲ ಅದರಲ್ಲಿದೆ. ಬದುಕಿಗೆ ಒದಗುವ ಪುಸ್ತಕ ಎಂಬ ಕಲ್ಪನೆ ಕನ್ನಡಕ್ಕೆ ಸ್ಮೈಲ್ಸ್‌ನಿಂದ ಬರಬೇಕಿರಲಿಲ್ಲ. ಆದರೆ ಎರಡೂ ಹಳಗನ್ನಡ, ಹಾಗೇ ಓದಿದರೆ ಇಂದಿನ ಕಿವಿಗೆ ದಾಟುವುದಿಲ್ಲ. ಮದ್ದು, ವಿಷದ ಭಾಗಗಳನ್ನು ಯಾರೂ ಮಾಡಿ ನೋಡದಂತೆ ಎಚ್ಚರಿಕೆ ಹೇಳಿಯೇ ಓದಬೇಕು, ಇಲ್ಲವೇ ಬಿಡಬೇಕು.

ದಾಟಿಸುವ ದಾರಿಯೂ ನಮ್ಮಲ್ಲೇ ಇದೆ. ಜಗಲಿಯ ಮೇಲೆ ಗಮಕ ನಡೆಯುತ್ತಿದ್ದ ಕ್ರಮ ಅದು. ಒಬ್ಬರು ಕುಮಾರವ್ಯಾಸನನ್ನೋ, ಪಕ್ಕದ ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶನನ್ನೋ ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಓದು ಬಾರದ ಊರುಗಳು ಮಹಾಭಾರತವನ್ನು ಬಾಯಿಪಾಠ ಮಾಡಿಕೊಂಡದ್ದು ಈ ಜೋಡಿಯಿಂದ. ಆಡಿಯೊ ಪುಸ್ತಕಕ್ಕೂ ಇದೇ ಜೋಡಿ ಕೂರಲಿ. ರಾಜಾದಿತ್ಯನ ಒಂದು ಬಡ್ಡಿಯ ಲೆಕ್ಕವನ್ನು ಒಬ್ಬರು ಓದಿ, ಅದನ್ನೇ ಸಂಘದ ಸಾಲದ ಪುಸ್ತಕದ ಮೇಲೆ ಇನ್ನೊಬ್ಬರು ಬಿಡಿಸಿ ತೋರಿಸಿದರೆ, ಹೆಂಗಸರ ಸಂಘದಲ್ಲಿ ಅದಕ್ಕಿಂತ ಹೆಚ್ಚು ಪ್ರಶ್ನೆ ಎಬ್ಬಿಸುವ ಪಾಠ ಇನ್ನೊಂದಿರಲಾರದು.

ವಚನಗಳಂತೂ ಕೇಳುವುದಕ್ಕೇ ಹುಟ್ಟಿದವು. ಆಯ್ದಕ್ಕಿ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದ ಕಥೆಯನ್ನು ವ್ಯಾಪಾರದ ಪುಸ್ತಕಗಳ ಸಾಲಿನಲ್ಲಿ ಇಡಲು ಹಿಂದೆ ಮುಂದೆ ನೋಡಬೇಕಿಲ್ಲ. ಹಳಕಟ್ಟಿಯವರು ವಚನದ ತಾಳೆಗರಿ ಹುಡುಕಿಕೊಂಡು ಹೋದವರು ಎಂಬುದು ಎಲ್ಲರಿಗೂ ಗೊತ್ತು. 1912ರಲ್ಲಿ ಬಿಜಾಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಕಟ್ಟಿದವರೂ ಅವರೇ. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ತಂದಾಗ ಆ ಬ್ಯಾಂಕಿಗೆ ಹನ್ನೊಂದು ವರ್ಷ. ಕಾಯಕ, ದಾಸೋಹಗಳನ್ನು ಪುಸ್ತಕದಲ್ಲೂ ಕಂಡು ಲೆಕ್ಕದ ಕಿರ್ದಿಯಲ್ಲೂ ನಡೆಸಿದವರ ಸಂಗ್ರಹ ಈಗ ಮುಕ್ತವಾಗಿದೆ. ಮಕ್ಕಳಿಗಾದರೆ 1930ರಲ್ಲೇ ಹೋದ ಎಂ.ಎಸ್.ಪುಟ್ಟಣ್ಣನವರ 'ನೀತಿ ಚಿಂತಾಮಣಿ'ಯ ಕಥೆಗಳಿವೆ; ಪುಟ್ಟಣ್ಣನವರ ಗದ್ಯ ಮಾತಾಡಿದ ಹಾಗೇ ಇದೆ, ಓದುವವರ ನಾಲಗೆ ಎಲ್ಲೂ ತಡವರಿಸುವುದಿಲ್ಲ.

ಪುಸ್ತಕ ಆರಿಸಿದ ಮೇಲೆ ಕೋಣೆ. ಈ ಸೀಮೆಯಲ್ಲಿ ಸದ್ದಿಲ್ಲದ ಹೊತ್ತು ಸಿಗುವುದು ಕಷ್ಟ. ಕರೆಂಟು ಬಂದ ಕೂಡಲೇ ಮೋಟರು, ಕರೆಂಟು ಹೋದರೆ ಜನರೇಟರು, ನಡುರಾತ್ರಿ ತೋಟದಲ್ಲಿ ಒಣಗರಿ ಬಿದ್ದು ನಾಯಿಗಳು ಒಟ್ಟಿಗೆ ಬೊಗಳುವುದು. ಬರಿ ಗೋಡೆಯ ಕೋಣೆಯಲ್ಲಿ ದನಿ ಬಾವಿಯಲ್ಲಿ ಮಾತಾಡಿದಂತೆ ಕೇಳಿಸುತ್ತದೆ. ಇದಕ್ಕೆ ಮದ್ದು ತೆಂಗಿನ ಮರವೇ ಕೊಟ್ಟಿದೆ. ನಾರಿನ ಹಾಸಿಗೆಗಳನ್ನು ಗೋಡೆಗೆ ಒರಗಿಸಿ, ನೆಲಕ್ಕೆ ನಾರಿನ ಚಾಪೆ ಹಾಸಿದರೆ ಪ್ರತಿಧ್ವನಿ ಅದರೊಳಗೇ ಹೀರಿಹೋಗುತ್ತದೆ. ಕೊಬ್ಬರಿ ಚೀಲ ಪೇರಿಸಿದ ಕೋಣೆಯಾದರೆ ಅದೂ ಬೇಡ. ಫೋನನ್ನು ಬಾಯಿಗೆ ನೇರ ಹಿಡಿಯದೆ ಒಂದು ಗೇಣು ಓರೆಗೆ ಇಟ್ಟರೆ 'ಪ', 'ಭ' ಅಕ್ಷರಗಳು ಸಿಡಿಯುವುದಿಲ್ಲ. ಮೊದಲ ವಾಕ್ಯಕ್ಕೆ ಮುಂಚೆ ಪುಸ್ತಕದ ಹೆಸರು, ಬರೆದವರ ಹೆಸರು, ಅವರು ತೀರಿಕೊಂಡ ವರ್ಷ, ಅನುವಾದ ಯಾರದು, ಯಾವ ಆವೃತ್ತಿಯಿಂದ ಓದುತ್ತಿದ್ದೇವೆ ಎಂಬುದನ್ನು ಹೇಳಿಬಿಡಬೇಕು. ಮುಂದೆ ಯಾರಾದರೂ ಹಕ್ಕಿನ ಪ್ರಶ್ನೆ ಎತ್ತಿದರೆ ಉತ್ತರ ಆ ದನಿಯಲ್ಲೇ ಇರುತ್ತದೆ.

ಅನುವಾದದ ಕನ್ನಡ ಎಂಥದಿರಬೇಕೆಂಬುದಕ್ಕೆ ಈ ಮೂರು ತಾಲ್ಲೂಕಿನವರು ದೂರ ಹೋಗಬೇಕಿಲ್ಲ. ಸಂಪಿಗೆಯ ಶ್ರೀಕಂಠಯ್ಯನವರು 1926ರ 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ ಹೊರಗಿನದನ್ನು ತಂದು ಕನ್ನಡದ್ದೇ ಎನ್ನಿಸುವಂತೆ ಮಾಡಿದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ಇನ್ನೊಬ್ಬ ಶ್ರೀಕಂಠಯ್ಯ, ತೀ.ನಂ.ಶ್ರೀ., ಇಂಗ್ಲಿಷಿನ 'ಪ್ರೆಸಿಡೆಂಟ್' ಪದಕ್ಕೆ 'ರಾಷ್ಟ್ರಪತಿ' ಎಂದು ಸೂಚಿಸಿದವರೆಂದು ಹೆಸರಾದವರು. ಕಿವಿಗೆ ಕೂರುವ ಪದ ಯಾವುದು ಎಂಬುದು ಅವರಿಗೆ ಗೊತ್ತಿತ್ತು. ತೀ.ನಂ.ಶ್ರೀ. ತೀರಿಕೊಂಡದ್ದು 1966ರ ಸೆಪ್ಟೆಂಬರಿನಲ್ಲಿ. ಅವರ ಪ್ರಬಂಧಗಳು, 'ಭಾರತೀಯ ಕಾವ್ಯಮೀಮಾಂಸೆ' ಎಲ್ಲ 2027ರ ಜನವರಿ 1ಕ್ಕೆ ಅಟ್ಟದಿಂದ ಇಳಿಯುತ್ತವೆ. ಅವತ್ತು ಶುಕ್ರವಾರ. ತೀರ್ಥಪುರದ ಒಂದು ಮನೆಯ ಕೊಬ್ಬರಿ ಕೋಣೆಯಲ್ಲಿ, ಮೋಟರು ಶುರುವಾಗುವ ಮುಂಚೆ, ಆ ಊರಿನದೇ ದನಿಯೊಂದು ಅವರ ಮೊದಲ ಪುಟ ತೆರೆದು ಓದಲು ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳಬಹುದು.